ಷೇರಿನಲ್ಲಿ ಉಳಿದ ಹೆಸರು

8-8-2005, ಸೋಮವಾರ

ಷೇರು ಆಫೀಸಿನ ಟರ್ಮಿನಲ್ ಚಾಲೂ ಮಾಡುವಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಸ್ವಲ್ಪ ಹೊತ್ತು ಕುಂಯ್‌ಗುಟ್ಟಿ ಸುಮ್ಮನಾಯಿತು. ಕೆಳಗಿನ ಬೀಜದ ಅಂಗಡಿಯ ಜನರೇಟರಿನಿಂದ ಒಂದು ವೈರ್ ಎಳೆಸಿ ಅಂತ ಮಾಲೀಕರಿಗೆ ಎಷ್ಟು ಸಲ ಹೇಳಿದೆನೋ. ಹೂಂ ಅನ್ನುತ್ತಾರೆ. ಹೂಂ ಅನ್ನುವುದಕ್ಕೆ ಖರ್ಚಿಲ್ಲವಲ್ಲ.

ರಾಣೇಬೆನ್ನೂರಿನಲ್ಲಿ ಈಗ ಎಲ್ಲರಿಗೂ ಷೇರಿನ ಹುಚ್ಚು. ಹತ್ತಿ ಬೀಜದವರು, ಮೇಷ್ಟ್ರುಗಳು, ಬ್ಯಾಡಗಿಯ ಮೆಣಸಿನಕಾಯಿ ದಲಾಲರು. ಮಾರ್ಕೆಟ್ ಏರಿದ ದಿನ ನಾನು 'ಸಿದ್ದಲಿಂಗೇಶಪ್ಪಾರ'. ಇಳಿದ ದಿನ 'ಏ ಸಿದ್ಲಿಂಗ್ಯಾ'. ಎರಡಕ್ಕೂ ಒಂದೇ ಪಗಾರ.

ಈ ವಾರ ಪಂಚಮಿ. ಪೇಟೆ ತುಂಬ ಕೊಬ್ಬರಿ, ಪುಟಾಣಿ, ಬೆಲ್ಲ. ಬಸ್ ಸ್ಟ್ಯಾಂಡಿನಲ್ಲಿ ತವರಿಗೆ ಹೊರಟ ಹೆಣ್ಣುಮಕ್ಕಳು. ಹೊಸ ಸೀರೆ, ಕಂಕುಳಲ್ಲಿ ಕೂಸು. ನೋಡಲಾರದೆ ಹಿಂದಿನ ಓಣಿಯಿಂದ ಬಂದೆ.

ಫೆಬ್ರವರಿಯಲ್ಲಿ ಹೋದಳು. ನನ್ನ ಹೆಂಡತಿ. ಜ್ವರ ಅಂತ ದಾವಣಗೆರೆಗೆ ಕರೆದುಕೊಂಡು ಹೋದೆ, ತಲೆಗೇರಿದೆ ಅಂದರು. ಅಷ್ಟೇ. ಮಕ್ಕಳಿಲ್ಲ. ನಲ್ಲಿ ನೀರು ಬಂದರೆ ಈಗ ನಾನೇ ಹಿಡಿಯಬೇಕು. ಅರ್ಧ ಕೊಡ ತುಂಬುವಷ್ಟರಲ್ಲಿ ಮರೆತು ನಿಂತುಬಿಡುತ್ತೇನೆ.

10-8-2005, ಸಂಜೆ

ಐರಣಿಗೆ ಹೋಗಿಬಂದೆ. ಅತ್ತೆ ಮರಿಯವ್ವ ಒಬ್ಬರೇ. ಮಾವ ಹಾಲೇಶಪ್ಪ ಸತ್ತು ಬಹಳ ವರ್ಷವಾಯಿತು. ಇದ್ದವಳು ಒಬ್ಬಳೇ ಮಗಳು.

"ಬರ್ರಿ ಅಳಿಯಾರ, ಕುಂದ್ರಿ. ಈ ವರ್ಸ ಉಂಡಿ ಕಟ್ಟಿಲ್ಲ. ಯಾರಿಗಂತ ಕಟ್ಟಲಿ?"

ನಾನು ಕೊಬ್ಬರಿ ಒಯ್ದಿದ್ದೆ. ಯಾಕೆ ಒಯ್ದೆನೋ. ಅದನ್ನು ಹಿಡಿದುಕೊಂಡೇ ಬಹಳ ಹೊತ್ತು ಕೂತಿದ್ದೆ.

ಅತ್ತೆ ಒಳಗಿಂದ ಒಂದು ಲಕೋಟೆ ತಂದರು. ಒಡೆದಿಲ್ಲ. ನಂದಾದೀಪ ಪಂಪ್ಸ್ ಕಂಪನಿಯದು. ವರ್ಷದ ಡಿವಿಡೆಂಡ್ ವಾರಂಟ್, ಲಾಭಾಂಶದ ಚೆಕ್ಕಿನಂಥದು. ಮೇಲೆ ಹೆಸರು: ಸುನಿತಾ ಹಾಲೇಶಪ್ಪ, ಐರಣಿ.

"ಟಪಾಲಿನಾಂವ ಬಾಗಲಾಗ ನಿಂತು ಹೆಸರು ಕೂಗಿದ. ಓಣ್ಯಾಗೆಲ್ಲಾ ಕೇಳಂಗ. ಬಾಳ ದಿನದ ಮ್ಯಾಲ ಕೇಳಿದ್ನಿ ನೋಡ್ರಿ ಆ ಹೆಸರು. ಜ್ವಾಳಾ ಕೇರಾಕತ್ತಿದ್ದ ಮರಾ ಬಿಟ್ಟು ಓಡಿದ್ನಿ."

ಮದುವೆಗೆ ಮುಂಚೆ ಅವಳು ಹತ್ತಿ ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಹೂವಿಗೆ ಹೂವು ತಾಗಿಸುವ ಕೂಲಿ. 94ರಲ್ಲಿ ಆ ಕೂಲಿ ಕೂಡಿಸಿ ಈ ಕಂಪನಿಯ ನೂರು ಷೇರಿಗೆ ಅರ್ಜಿ ಹಾಕಿದ್ದಳು, ಪ್ಲಾಟಿನ ಮಾಲೀಕ ಫಾರ್ಮ್ ಕೊಟ್ಟನೆಂದು. ಎರಡು ಸಲ ಒಂದಕ್ಕೊಂದು ಬೋನಸ್ ಷೇರು ಬಂದು ಈಗ ನಾನೂರು. ಪ್ರತಿ ಪಂಚಮಿಗೆ ತವರಿಗೆ ಬಂದು, ವಾರಂಟ್ ತೆಗೆದುಕೊಂಡು, ಹಳೇ ಖಾತೆಗೆ ಕಟ್ಟಿ, ತಾಯಿ ಮಗಳು ಬಳೆ ಇಡಿಸಿಕೊಳ್ಳುತ್ತಿದ್ದರು. ಅದೊಂದು ಅವರ ಹಬ್ಬ.

ನಾನು ಹೇಳುತ್ತಲೇ ಇದ್ದೆ. ಡಿಮ್ಯಾಟ್ ಮಾಡಿಸು, ಹೆಸರು ಬದಲಿಸು, ಕಾಗದದ ಷೇರು ತೊಂದರೆ. ನಗುತ್ತಿದ್ದಳು. "ಇರ್ಲಿ ಬಿಡ್ರಿ. ಆ ಹೆಸರು ಅಲ್ಲೊಂದ ಉಳದೈತಿ."

ಖರೇ ಮಾತು. ಮದುವೆಯ ದಿನ ತಾಟಿನ ಅಕ್ಕಿಯಲ್ಲಿ ಉಂಗುರ ಹಿಡಿದು ಹೊಸ ಹೆಸರು ಬರೆದವನು ನಾನೇ. ಹೊನ್ನವ್ವ. ನನ್ನ ಅಜ್ಜಿಯ ಹೆಸರು, ಮನೆಯಲ್ಲಿ ಉಳಿಯಲಿ ಅಂತ ಅಪ್ಪನ ಹಟ. ಅಂದಿನಿಂದ ರೇಷನ್ ಕಾರ್ಡು, ಮತದಾರರ ಪಟ್ಟಿ ಎಲ್ಲದರಲ್ಲೂ ಅದೇ ಹೆಸರು, ಹೊನ್ನಮ್ಮ ಅಂತ. ನಾನಂತೂ ಯಾವ ಹೆಸರೂ ಹಿಡಿದು ಕರೆದವನಲ್ಲ. 'ಏ, ಕೇಳಿದೇನ'... ಎಂಟು ವರ್ಷದ ಸಂಸಾರ ಇಷ್ಟರಲ್ಲೇ ಆಯಿತು.

ನಾನು ವಾರಂಟ್ ಕೇಳಲಿಲ್ಲ. ಅತ್ತೆ ಅದನ್ನು ದೇವರ ಜಗಲಿಯ ಮೇಲೆ ಇಟ್ಟರು.

6-9-2005, ಮಂಗಳವಾರ

ನಂದಾದೀಪ ಪಂಪ್ಸ್ ಸುದ್ದಿಯಲ್ಲಿದೆ! ಹಳೇ ಫ್ಯಾಕ್ಟರಿಯ ಜಾಗ ಮಾರಿದ್ದಾರೆ. ಬಂದ ಹಣ ಏನು ಮಾಡಬೇಕೆಂದು ತಿಳಿಯದೆ ಷೇರುದಾರರಿಗೆ ಹಂಚುತ್ತಾರಂತೆ. ಸ್ಪೆಷಲ್ ಡಿವಿಡೆಂಡ್. ಷೇರಿಗೆ ಅರವತ್ತು ರೂಪಾಯಿ. 23ನೇ ತಾರೀಖು ರಿಜಿಸ್ಟರಿನಲ್ಲಿ ಯಾರ ಹೆಸರು ಇದೆಯೋ ಅವರಿಗೆ. ನಿನ್ನೆ 372 ಇದ್ದದ್ದು ಇವತ್ತು 390.

ಫೋನ್ ಬಿಡುವಿಲ್ಲ. ಎಲ್ಲರಿಗೂ ಒಂದೇ ಪಾಠ ಒಪ್ಪಿಸಿದೆ. ಇದು ಒಂದು ಸಲದ್ದು, ವರ್ಷವರ್ಷ ಬರುವುದಲ್ಲ. ನಿಮ್ಮ ಕೈಗೆ ಬಂದ ಡಿವಿಡೆಂಡಿಗೆ ಟ್ಯಾಕ್ಸ್ ಇಲ್ಲ, ಕಂಪನಿಯೇ ಕಟ್ಟಿರುತ್ತದೆ. ಆದರೆ ಕೊಟ್ಟ ಮೇಲೆ ರೇಟು ಅಷ್ಟು ಇಳಿಯುತ್ತದೆ. ಯಾರೂ ಕೊನೆಯ ಮಾತು ಕೇಳಲಿಲ್ಲ. ಟ್ಯಾಕ್ಸ್ ಇಲ್ಲ ಅನ್ನುವಲ್ಲಿಗೇ ಕಿವಿ ಮುಚ್ಚಿತು.

ನಾಳೆ ಗಣಪತಿ. ಆಫೀಸ್ ರಜೆ. ಮನೆಯಲ್ಲಿ ಕೂರಿಸುವುದಿಲ್ಲ ಈ ವರ್ಷ.

ನಾನೂರು ಷೇರು, ಅರವತ್ತು ರೂಪಾಯಿ. ಇಪ್ಪತ್ತನಾಲ್ಕು ಸಾವಿರ. ಕ್ರಾಸಿಂಗ್ ಕೂಲಿಯ ಹುಡುಗಿ, ನೋಡು. ಇದ್ದಿದ್ದರೆ ಎಷ್ಟು ಮೆರೆಯುತ್ತಿದ್ದಳು. ಷೇರು ಆಫೀಸಿನಲ್ಲಿ ಕೂತು ಕೂತು ಕುರ್ಚಿ ಸವೆಸಿದ ಗಂಡ ಗಳಿಸಲಾರದ್ದನ್ನು ತಾನು ಗಳಿಸಿದೆ ಅಂತ ಓಣಿಗೆಲ್ಲ ಹೇಳುತ್ತಿದ್ದಳು.

12-9-2005

ಕರ್ಜಗಿಯ ಉಡಚಪ್ಪ ಬಂದ. ಎತ್ತು ದಲಾಲಿ ಮಾಡುವವನು. ಹೋದ ವರ್ಷದಿಂದ ಷೇರಿನ ದಲಾಲಿಯೂ ತನಗೆ ಗೊತ್ತು ಅಂದುಕೊಂಡಿದ್ದಾನೆ. ಪೇಪರ್ ತುಂಡೊಂದನ್ನು ಟೇಬಲ್ಲಿಗೆ ಕುಟ್ಟಿದ.

"ಆರ್ನೂರು ಪರ್ಸೆಂಟ್ ಅಂತ ಐತಿ. ಇಪ್ಪತ್ತು ಸಾವಿರ ಹಾಕಿದ್ರ ಒಂದು ಲಕ್ಷ ಇಪ್ಪತ್ತು ಸಾವಿರ ಬರತೈತಿ. ಹೌದಲ್ಲೋ?"

"ಅಲ್ರಿ. ಪರ್ಸೆಂಟ್ ಲೆಕ್ಕ ಮುಖಬೆಲೆ ಮ್ಯಾಲ. ಮುಖಬೆಲೆ ಹತ್ತು ರೂಪಾಯಿ. ಅದರ ಆರು ಪಟ್ಟು ಅಂದ್ರ ಅರವತ್ತು."

"ನಾ ಕೊಡೋದು ನಾನೂರರ ಮ್ಯಾಲ. ಅವರು ಹತ್ತರ ಮ್ಯಾಲ ಯಾಕ ಲೆಕ್ಕಾ ಹಿಡೀತಾರ?"

ನಕ್ಕೆ. ಅವನಿಗೆ ಸಿಟ್ಟು ಬಂತು. ದೊಡ್ಡವರಿಗೊಂದು ಹೇಳುತ್ತೀರಿ, ನಮಗೊಂದು ಹೇಳುತ್ತೀರಿ ಅಂದ. ಹೋಗುವಾಗ, ಕಡೆಯ ದಿನ ಐವತ್ತು ಷೇರು ಹಿಡಿಯಿರಿ ಅಂತ ಹೇಳಿಯೇ ಹೋದ.

15-9-2005, ಗುರುವಾರ

ಬ್ಯಾಡಗಿಗೆ ಹೋಗಿದ್ದೆ. ಮೆಣಸಿನಕಾಯಿ ದಲಾಲ ಪ್ರಭುಲಿಂಗಪ್ಪನವರ ಅಂಗಡಿ. ಸೀಸನ್ ಅಲ್ಲದಿದ್ದರೂ ಯಾರ್ಡಿನೊಳಗೆ ಕಾಲಿಟ್ಟರೆ ಸೀನು. ಅವರು ಮೂಗು ಕೂಡ ಒರೆಸುವುದಿಲ್ಲ, ಹುಟ್ಟಿದ್ದೇ ಅಲ್ಲಿ. ಏಪ್ರಿಲ್‌ನಿಂದ ಷೇರಿನಲ್ಲಿ ಚೆನ್ನಾಗಿ ಲಾಭ ಹೊಡೆದಿದ್ದಾರೆ. ವರ್ಷದೊಳಗೆ ಕೊಂಡು ಮಾರಿದ್ದು, ಹತ್ತು ಪರ್ಸೆಂಟ್ ಟ್ಯಾಕ್ಸ್ ಬೀಳುತ್ತದೆ. ಅದನ್ನು ಉಳಿಸಲು ಒಂದು ಉಪಾಯ ಹೂಡಿದ್ದರು.

"ತಾರೀಖಿಗಿಂತ ಮುಂಚೆ ನಂದಾದೀಪ ಎರಡು ಸಾವಿರ ಹಿಡಿಯೋದು. ಡಿವಿಡೆಂಡ್ ತಗೊಳ್ಳೋದು, ಅದಕ್ಕ ಟ್ಯಾಕ್ಸ್ ಇಲ್ಲ. ರೇಟ್ ಇಳದಮ್ಯಾಲ ಲುಕ್ಸಾನಿನ್ಯಾಗ ಮಾರೋದು. ಆ ಲುಕ್ಸಾನ ಹಳೇ ಲಾಭದಾಗ ಕಳಿಯೋದು. ಹೆಂಗೈತಿ?"

"ಸರಕಾರದವರು ನಿಮಗಿಂತ ಮೊದಲ ಯೋಚನಿ ಮಾಡ್ಯಾರ್ರಿ. ತಾರೀಖಿನ ಹಿಂದ ಮೂರು ತಿಂಗಳದಾಗ ಕೊಂಡು, ಮುಂದ ಮೂರು ತಿಂಗಳದಾಗ ಮಾರಿದ್ರ, ಡಿವಿಡೆಂಡಿನಷ್ಟು ಲುಕ್ಸಾನ ಲೆಕ್ಕಕ್ಕ ಹಿಡ್ಯಂಗಿಲ್ಲ."

"ಹಂಗಾರ ಮೂರು ತಿಂಗಳು ಕೋಲ್ಡ್ ಸ್ಟೋರೇಜಿನ್ಯಾಗ ಇಟ್ಟಂಗ ಇಡಬೇಕಾತು."

"ಇಡಬೇಕಾತು. ಅಷ್ಟರಾಗ ರೇಟ್ ಏನಾಗತೈತೋ ಗೊತ್ತಿಲ್ಲ."

ನಕ್ಕರು. ಉಪಾಯ ಬಿಟ್ಟರು. ಚಹಾ ತರಿಸಿದರು. ಆಮೇಲೆ ಇನ್ನೊಂದು ಕೇಳಿದರು. ಅವರ ತಂದೆ ಹೋದ ವರ್ಷ ತೀರಿಕೊಂಡರು, ಷೇರು ಇವರ ಹೆಸರಿಗೆ ಈಗಷ್ಟೇ ಬಂದಿವೆ. ಇವತ್ತು ಮಾರಿದರೆ ಶಾರ್ಟ್ ಟರ್ಮ್ ಆಗುವುದೋ?

ಇಲ್ಲ ಅಂದೆ. ತೀರಿಕೊಂಡವರು ಕೊಂಡ ದಿನದಿಂದಲೇ ಲೆಕ್ಕ. ಅವರು ಇಟ್ಟುಕೊಂಡ ದಿನಗಳೂ ನಿಮ್ಮ ದಿನಗಳಿಗೆ ಕೂಡುತ್ತವೆ. ವರ್ಷ ದಾಟಿದ್ದರೆ ಟ್ಯಾಕ್ಸೇ ಇಲ್ಲ.

ಸಾವಿರ ಸಲ ಹೇಳಿದ ಮಾತು. ವಾಪಸ್ ಬರುವಾಗ ಬಸ್ಸಿನಲ್ಲಿ ಅದೇ ಎದೆಗೆ ಚುಚ್ಚಿತು. ಅವಳ ಷೇರು ನನ್ನ ಹೆಸರಿಗೆ ಬಂದರೆ ನನಗೂ 94ರಿಂದಲೇ ಲೆಕ್ಕ. ಮದುವೆಗೆ ಮುಂಚಿನ ದಿನಗಳು. ಹೂವಿಗೆ ಹೂವು ತಾಗಿಸುತ್ತಿದ್ದ ದಿನಗಳು. ಆಗ ಅವಳು ಯಾರೋ, ನಾನು ಯಾರೋ. ಕಾನೂನು ಮಾತ್ರ ಆ ದಿನಗಳನ್ನೂ ನನ್ನವು ಅನ್ನುತ್ತದೆ. ಮೋಟೆಬೆನ್ನೂರು ದಾಟುವವರೆಗೆ ಅಳುತ್ತಲೇ ಇದ್ದೆ. ಪಕ್ಕದವನು ಮೆಣಸಿನಕಾಯಿ ಘಾಟು ಅಂದುಕೊಂಡ.

18-9-2005, ಭಾನುವಾರ

ಊರಿಗೆಲ್ಲ ಬುದ್ಧಿ ಹೇಳುವ ನಾನು ಮನೆಯ ಕೆಲಸ ನಿನ್ನೆಯವರೆಗೆ ಮುಟ್ಟಿರಲಿಲ್ಲ. ಷೇರನ್ನು ವಾರಸುದಾರನ ಹೆಸರಿಗೆ ಮಾಡಿಸಲು ಬೇಕಾದದ್ದು: ಸರ್ಟಿಫಿಕೇಟು, ಅರ್ಜಿ, ಮರಣ ಪ್ರಮಾಣ ಪತ್ರ. ಬೆಳಿಗ್ಗೆ ಕಪಾಟು ತೆಗೆದೆ. ಮರಣ ಪತ್ರದಲ್ಲಿ ಹೊನ್ನಮ್ಮ ಕೋಂ ಸಿದ್ದಲಿಂಗೇಶ. ಆಸ್ಪತ್ರೆಯ ಕೌಂಟರಿನಲ್ಲಿ ಹೆಸರು ಕೇಳಿದರು, ನಾನೇ ಹೇಳಿದ್ದು.

ಎರಡು ಸಲ ಓದಿದೆ. ಆಗ ಹೊಳೆಯಿತು.

ಸತ್ತದ್ದು ಹೊನ್ನಮ್ಮ. ಸುನಿತಾ ಹಾಲೇಶಪ್ಪ ಸತ್ತಳೆಂದು ಎಲ್ಲೂ, ಯಾವ ಕಾಗದದಲ್ಲೂ ಇಲ್ಲ. ಕಂಪನಿಯ ರಿಜಿಸ್ಟರಿನಲ್ಲಿ ಬದುಕಿದ್ದಾಳೆ. ಬ್ಯಾಂಕಿನಲ್ಲಿ ಬದುಕಿದ್ದಾಳೆ. 23ನೇ ತಾರೀಖು ಅವಳ ಹೆಸರಿಗೇ ಸ್ಪೆಷಲ್ ಡಿವಿಡೆಂಡ್ ಬರುತ್ತದೆ.

ಏನೋ ಸಂತೋಷ. ಹೇಳಲು ನಾಚಿಕೆ.

ನಿನ್ನೆಯೇ ಬೆಂಗಳೂರಿಗೆ ಫೋನ್ ಮಾಡಿ ಕಂಪನಿಯ ರಿಜಿಸ್ಟ್ರಾರ್ ಆಫೀಸಿನವರನ್ನು ಕೇಳಿದ್ದೆ. ಮದುವೆಯಲ್ಲಿ ಹೆಸರು ಬದಲಾಗಿದ್ದರೆ? ಅಫಿಡವಿಟ್ ಬೇಕು ಅಂದಿದ್ದರು. ಎರಡೂ ಹೆಸರಿನವಳು ಒಬ್ಬಳೇ, ಆಕೆ ತೀರಿಕೊಂಡಿದ್ದಾಳೆ ಅಂತ ನೋಟರಿ ಮುಂದೆ ಪ್ರಮಾಣ. ಗಂಡನ ಮಾತು ಸಾಲದು, ತವರಿನ ಕಡೆಯವರು ಒಬ್ಬರು ಬೇಕು. ತವರಿನಲ್ಲಿ ಇರುವವರು ಅತ್ತೆ ಒಬ್ಬರೇ.

ಮಧ್ಯಾಹ್ನ ಐರಣಿಗೆ ಹೋದೆ. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಎಲ್ಲ ಬಿಡಿಸಿ ಹೇಳಿದೆ. ಇಪ್ಪತ್ತನಾಲ್ಕು ಸಾವಿರವೂ ನಿಮ್ಮದೇ, ನನಗೆ ಒಂದು ರೂಪಾಯಿ ಬೇಡ ಅಂದೆ. ಹಾಗೇ ಬಿಟ್ಟರೆ ಏಳು ವರ್ಷದ ಮೇಲೆ ಡಿವಿಡೆಂಡ್ ಸರಕಾರದ ಫಂಡಿಗೆ ಹೋಗುತ್ತದೆ ಅಂತಲೂ ಹೇಳಿದೆ. ಅವರ ಕೈ ನಿಂತಿತು.

"ಏನಂತ ಹೆಬ್ಬಟ್ಟ ಒತ್ತಬೇಕು?"

ಎರಡೂ ಹೆಸರು ಕಾಗದದಲ್ಲಿ ಬರೆದಿರುತ್ತಾರೆ, ಇಬ್ಬರೂ ಒಬ್ಬರೇ ಅಂತ... ಹೀಗೆ ಸುತ್ತಿ ಬಳಸಿ ಹೇಳಿದೆ.

"ಸತ್ತಾಳಂತನೂ ಬರೀತಾರ?"

"ಹೌದ್ರಿ."

ಅವರು ರೊಟ್ಟಿಯನ್ನು ಹೆಂಚಿನ ಮೇಲೆ ಹಾಕಿದರು. ಅದು ಸೀಯುವವರೆಗೆ ತಿರುವಲಿಲ್ಲ.

"ಲಗ್ನದಾಗ ಒಂದು ಸರ್ತಿ ನನ್ನ ಮಗಳ ಹೆಸರು ಅಳಸಿದ್ರಿ. ಅಕ್ಕಿ ಮ್ಯಾಲ ಬರದು ಅಳಸಿದ್ರಿ. ನಾ ಏನರ ಅಂದ್ನೇನು? ಪದ್ಧತಿ ಅಂತ ಸುಮ್ಮನಾದ್ನಿ. ಆಸ್ಪತ್ರ್ಯಾಗ ಹೋದಾಕಿ ನಿಮ್ಮ ಹೊನ್ನವ್ವ. ಅತ್ತು ಮುಗಿಸೇನಿ. ಕಂಪನ್ಯಾಗ ಒಬ್ಬಾಕಿ ಉಳದಾಳಂತೀರಿ, ಆಕೀ ನನ್ನಾಕಿ. ಆಕೀನ್ನೂ ನನ್ನ ಕೈಲೆ ಕೊಲ್ಲಸ್ತೀರೇನು?"

ಸೀದ ರೊಟ್ಟಿಯನ್ನೇ ಉಂಡು ಬಂದೆ. ಬಸ್ಸಿನಲ್ಲಿ ಯೋಚಿಸಿದರೆ, ಅತ್ತೆ ಬೇಡ ಅಂದದ್ದಕ್ಕೆ ನನಗೇ ಸಮಾಧಾನವಾಗಿತ್ತು.

22-9-2005, ಗುರುವಾರ

ನಿನ್ನೆ ಕೊಳ್ಳುವುದಕ್ಕೆ ಕಡೆಯ ದಿನ. 415ರವರೆಗೆ ಹೋಯಿತು. ಉಡಚಪ್ಪನಿಗೆ 414ಕ್ಕೆ ಐವತ್ತು ಹಿಡಿದೆ. ಇವತ್ತಿನಿಂದ ಕೊಂಡವರಿಗೆ ಡಿವಿಡೆಂಡ್ ಇಲ್ಲ. ಬೆಳಿಗ್ಗೆ ಶುರುವಾದದ್ದೇ 356.

ಉಡಚಪ್ಪ ಹಾವೇರಿ ದನದ ಸಂತೆಯಿಂದ ಫೋನ್ ಮಾಡಿದ. ಹಿಂದೆ ಎತ್ತಿನ ಗಂಟೆ, ಜನರ ಗದ್ದಲ.

"ಏ ಸಿದ್ಲಿಂಗ್ಯಾ! ರಾತ್ರಿ ಕಳದು ಹಗಲಾಗೂದ್ರಾಗ ಮೂರು ಸಾವಿರ ಹೋತು! ನೀನ ಏನೋ ಮಾಡೀದಿ!"

"ಹೋಗಿಲ್ರಿ. ಎಲ್ಲಿ ನಿಂತೀರಿ?"

"ಸಂತ್ಯಾಗ."

"ಮುಂಜಾನೆ ಹಾಲು ಹಿಂಡದ ಆಕಳು ತರತಾರಿಲ್ಲೋ ಅಲ್ಲಿ, ಕೆಚ್ಚಲ ತುಂಬಿರ್ಲಿ ಅಂತ? ಅದನ್ನ ಕೊಂಡು ಮನೀಗೆ ಹೋಗಿ ಹಾಲು ಹಿಂಡಿದ್ರ ಕೆಚ್ಚಲ ಇಳೀತೈತಿ. ಹಾಲು ನಿಮ್ಮ ಚರಗ್ಯಾಗ ಇರತೈತಿ. ಆಕಳು ಸಣ್ಣದಾತು ಅಂತ ಮಾರಿದವನ್ನ ಬೈತೀರೇನು?"

ಯಾರಿಗೋ ಹಗ್ಗ ಹಿಡಿ ಅಂತ ಕೂಗಿ ಮತ್ತೆ ಫೋನಿಗೆ ಬಂದ.

"ಹಂಗಾರ ಅರವತ್ತು ಬರತೈತಿ?"

"ಬರತೈತ್ರಿ. ಚೆಕ್ ಮನೀಗೆ ಬರತೈತಿ."

"ಮತ್ತ ನನಗ ಲಾಭ ಏನಾತು?"

"ಏನೂ ಇಲ್ಲ. ಕಮಿಷನ್ ಅಷ್ಟ ಖರ್ಚು."

ಬೈದ. ಆಮೇಲೆ ಅವನೇ ನಕ್ಕ. ದನದ ದಲಾಲಿಗೆ ದನದ ಭಾಷೆಯಲ್ಲಿ ಹೇಳಿದರೆ ತಿಳಿಯುತ್ತದೆ.

ಇವತ್ತು ನಾನೂ ನಕ್ಕೆ. ಬಹಳ ದಿನದ ಮೇಲೆ. ಮನೆಗೆ ಹೋಗಿ ಇದನ್ನು ಹೇಳಬೇಕು ಅಂದುಕೊಂಡೆ. ಚಪ್ಪಲಿ ಮೆಟ್ಟುವವರೆಗೂ ಅದೇ ಗುಂಗು. ಮೆಟ್ಟಿಲು ಇಳಿಯುವಾಗ ನೆನಪಾಯಿತು, ಹೇಳಲು ಯಾರೂ ಇಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಬೀಜದ ಅಂಗಡಿಯವರು ನೀರು ಕೊಟ್ಟರು.

7-10-2005, ಶುಕ್ರವಾರ

ಬರೆಯದೆ ಎರಡು ವಾರ. ಬರೆಯುವಂಥದ್ದೇನೂ ಇರಲಿಲ್ಲ.

ಅಕ್ಕ ಸಿದ್ದವ್ವ ಬಂದು ಎರಡು ದಿನ ಇದ್ದಳು. ಪಾತ್ರೆ ತಿಕ್ಕಿದಳು, ಬೆಡ್‌ಶೀಟ್ ಒಗೆದಳು, ಕಡೆಗೆ ಬಂದ ಕೆಲಸ ಹೇಳಿದಳು. ಹಿರೇಕೆರೂರಿನ ಕಡೆಯ ಒಂದು ಸಂಬಂಧ. "ಹೊನ್ನವ್ವ ಅಂತನ ಹೆಸರಿಟ್ಟರಾತು. ಅಜ್ಜಿ ಹೆಸರು ಮನ್ಯಾಗ ಉಳೀತೈತಿ." ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾನು ಎದ್ದು ಹೊರಗೆ ಹೋದೆ. ಒಂದು ಹೆಸರು ಹೆಣದ ಮೈಯಿಂದ ಬಿಚ್ಚಿ ಇನ್ನೊಬ್ಬಳಿಗೆ ಉಡಿಸುವ ಸೀರೆಯೇ?

ಇವತ್ತು ಅತ್ತೆ ಐರಣಿಯಿಂದ ತಾವೇ ಬಂದರು. ಆಫೀಸಿಗೆ. ಎಂದೂ ಬಂದವರಲ್ಲ. ಟರ್ಮಿನಲ್ಲಿನ ಕೆಂಪು ನೀಲಿ ಅಂಕಿಗಳನ್ನು ನೋಡುತ್ತ ನಿಂತರು. ಸೆರಗಿನ ಗಂಟಿನಿಂದ ಲಕೋಟೆ ತೆಗೆದರು. ಸ್ಪೆಷಲ್ ಡಿವಿಡೆಂಡ್. ಇಪ್ಪತ್ತನಾಲ್ಕು ಸಾವಿರ. ಸುನಿತಾ ಹಾಲೇಶಪ್ಪ.

"ಆಕೀ ಗಳಿಸಿದ್ದು. ಆಕೀ ಖಾತೇಕ ಹಾಕ್ರಿ. ಬರ್ತಾ ಇರ್ಲಿ, ಹಾಕ್ತಾ ಇರೂಣು. ಯಾರಿಗೂ ಹೇಳೂದು ಬ್ಯಾಡ."

ತಪ್ಪು. ಸತ್ತವರ ವಾರಂಟನ್ನು ಅವರ ಖಾತೆಗೆ ಕಟ್ಟುವಂತಿಲ್ಲ, ಇದು ನನಗಿಂತ ಚೆನ್ನಾಗಿ ಗೊತ್ತಿರುವವರು ಈ ಊರಿನಲ್ಲಿ ಇಲ್ಲ. ಬೇರೆಯವರು ಕೇಳಿದ್ದರೆ ಗದರಿಸಿ ಕಳಿಸುತ್ತಿದ್ದೆ.

ಹೂಂ ಅಂದೆ. ಸೋಮವಾರ ಬರ್ರಿ, ಕೂಡಿ ಹೋಗೋಣು ಅಂದೆ.

10-10-2005, ಸೋಮವಾರ

ಬ್ಯಾಂಕ್. ಅತ್ತೆ ಇಳಕಲ್ ಸೀರೆ ಉಟ್ಟು ಬಂದಿದ್ದರು. ಬೆಂಚಿನ ಮೇಲೆ ಕೂರಿಸಿದೆ. ಚಲನ್ ನಾನೇ ತುಂಬಿದೆ. ಖಾತೆದಾರರ ಹೆಸರು ಅನ್ನುವಲ್ಲಿ ಅವಳ ಹೆಸರು ಬರೆದೆ. ಮೊದಲ ಸಲ ನನ್ನ ಕೈಯಿಂದ ಆ ಅಕ್ಷರಗಳು. ನಿಧಾನ ಬರೆದೆ. ಒಂದು ಚಲನ್ ಹಾಳಾಯಿತು, ಮತ್ತೊಂದು ತುಂಬಿದೆ.

ಕೌಂಟರಿನಲ್ಲಿ ಒಬ್ಬಳು ಹುಡುಗಿ. ಹೊಸಬಳು, ಒಳ್ಳೆಯವಳು. ಕಂಪ್ಯೂಟರ್ ನೋಡಿ ಅಂದಳು:

"ಸರ್, ಈ ಖಾತೇಕ ಫೋಟೋ ಇಲ್ಲ, ವಿಳಾಸದ ಪುರಾವೆ ಇಲ್ಲ. ಹೊಸಾ ರೂಲ್ ಬಂದೈತಿ, ಕೆವೈಸಿ. ಅದಾಗೂಮಟ ಇಷ್ಟು ದೊಡ್ಡ ಮೊತ್ತ ತಗೊಳ್ಳಾಕ ಬರಂಗಿಲ್ಲ. ಮೇಡಮ್ಮಾರನ್ನ ಒಂದು ಸಲ ಕರಕೊಂಡು ಬರ್ರಿ. ಒಂದು ಸಹಿ, ಎರಡು ಫೋಟೋ. ಅರ್ಧ ತಾಸಿನ ಕೆಲಸ."

"ಊರಾಗಿಲ್ರಿ ಆಕಿ."

"ಯಾವಾಗ ಬರತಾರ್ರೀ?"

ಹಿಂದೆ ಸರದಿಯಲ್ಲಿ ಜನ. ಗ್ಲಾಸಿನಲ್ಲಿ ನನ್ನ ಮುಖ. ಆ ಹುಡುಗಿ ಪೆನ್ನು ಹಿಡಿದು ಉತ್ತರಕ್ಕೆ ಕಾಯುತ್ತಿದ್ದಳು, ತಾರೀಖು ಬರೆದುಕೊಳ್ಳಲು. ವಾರಂಟ್ ತೆಗೆದುಕೊಂಡು ತಿರುಗಿದೆ. ಅತ್ತೆ ಬೆಂಚಿನಿಂದ ಎದ್ದು ನನ್ನ ಹಿಂದೆಯೇ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

ಬಸ್ ಸ್ಟ್ಯಾಂಡಿನವರೆಗೆ ನಡೆದೆವು. ಐರಣಿ ಬಸ್ ಬಂತು, ಹತ್ತಲಿಲ್ಲ. ಕಟ್ಟೆಯ ಮೇಲೆ ಕೂತರು.

"ಕರಕೊಂಡು ಬರ್ರಿ ಅಂದ್ಳಲ್ಲಾ ಆ ಹುಡುಗಿ."

"ಆಕೀಗೆ ಗೊತ್ತಿಲ್ರಿ."

"ಗೊತ್ತಿಲ್ಲ ಖರೇ. ಅರ್ಧ ತಾಸು ಸಾಕಂತ." ಸೆರಗು ಬಾಯಿಗೆ ಒತ್ತಿಕೊಂಡರು. "ಎಲ್ಲಿಂದ ಕರಕೊಂಡು ಬರೂಣು ಅಳಿಯಾರ? ಅರ್ಧ ತಾಸಿಗೆ ಆದ್ರೂ ಎಲ್ಲಿಂದ ತರೂಣು?"

ಜನ ನೋಡುತ್ತಿದ್ದರು. ನೋಡಲಿ. ನಾನೂ ಪಕ್ಕದಲ್ಲಿ ಕೂತೆ. ಎಂಟು ತಿಂಗಳಲ್ಲಿ ನಾವಿಬ್ಬರೂ ಕೂಡಿ ಅತ್ತಿರಲಿಲ್ಲ. ನನ್ನ ಮನೆಯಲ್ಲಿ ನಾನು, ಅವರ ಮನೆಯಲ್ಲಿ ಅವರು. ಎರಡನೇ ಬಸ್ಸಿಗೆ ಹತ್ತಿಸಿದೆ.

13-10-2005

ನಿನ್ನೆ ದಸರೆ, ಬನ್ನಿ ಕೊಡಲು ಐರಣಿಗೆ ಹೋದೆ. ಅತ್ತೆ ಬನ್ನಿ ತೆಗೆದುಕೊಂಡು, ತಾವೂ ಕೊಟ್ಟು, ನೇರ ವಿಷಯಕ್ಕೆ ಬಂದರು.

"ಆ ಕಾಗದ ಮಾಡಸ್ರಿ. ಒತ್ತತೇನಿ."

ಬೇಡ, ಹೀಗೇ ಇರಲಿ, ದುಡ್ಡು ಹೋದರೆ ಹೋಗಲಿ ಅಂದೆ. ಹೌದು, ನಾನೇ ಅಂದೆ. ಷೇರನ್ನು ಪ್ರೀತಿಸಬೇಡಿ, ಕಾಗದವನ್ನು ಕಟ್ಟಿಕೊಂಡು ಕೂರಬೇಡಿ ಅಂತ ಊರಿಗೆಲ್ಲ ಹೇಳುವ ನಾನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

"ಇಲ್ಲ ಅಳಿಯಾರ. ದಿನಾ ಟಪಾಲಿನಾಂವ ಬರೂ ಹೊತ್ತಿಗೆ ಬಾಗಲಾಗ ನಿಂದ್ರತೇನಿ. ಹೆಸರು ಕೂಗತಾನೇನಂತ. ಕೂಗಿದ ದಿನ ಒಂದು ಗಳಿಗಿ ಆಕೀ ಇದ್ದಂಗ ಅನಸತೈತಿ. ಆಮ್ಯಾಲ ಮತ್ತ ಸಾಯತಾಳ. ಪ್ರತಿ ಸರ್ತಿ ಮತ್ತ ಸಾಯತಾಳ. ನನಗ ವಯಸ್ಸಾತು. ಎಷ್ಟು ಸರ್ತಿ ಸಾಯೂದು ನೋಡ್ಲಿ?"

ಮಣ್ಣಿನ ನೆಲ ನೋಡುತ್ತ ಕೂತೆ. ಹೊಸ ಸಗಣಿ ಸಾರಿಸಿದ್ದರು ಹಬ್ಬಕ್ಕೆ.

17-10-2005, ಸೋಮವಾರ

ಹಾವೇರಿ. ಕೋರ್ಟಿನ ಕಾಂಪೌಂಡು. ಇಪ್ಪತ್ತು ರೂಪಾಯಿಯ ಛಾಪಾ ಕಾಗದ. ಬೇವಿನ ಮರದ ಕೆಳಗೆ ಟೈಪ್ ಮಾಡುವವನಿಗೆ ಹೆಸರುಗಳ ಚೀಟಿ ಕೊಟ್ಟು ವಿಷಯ ಹೇಳಿದೆ. 'ಉರ್ಫ್' ಅಂತ ಹಾಕಲೇ ಅಂದ. ಹಾಕು ಅಂದೆ. ಸುನಿತಾ ಉರ್ಫ್ ಹೊನ್ನಮ್ಮ. ಎರಡರ ನಡುವೆ ಎಂಟು ವರ್ಷ, ಅವನು ಒಂದು ಪದದಲ್ಲಿ ಮುಗಿಸಿದ.

ನೋಟರಿ ವಕೀಲರು ವಯಸ್ಸಾದವರು. ಓದು ಬಾರದವರು ಅಂತ ಗೊತ್ತಾಗಿ ಪೂರ್ತಿ ಓದಿ ಹೇಳಿದರು. ಆಮೇಲೆ ಕೇಳಿದರು:

"ಅವ್ವಾರ, ತಿಳೀತಲ್ಲ? ಇದರಾಗ ಬರದಿದ್ದು ಖರೇ ಅಂತ ನಿಮ್ಮ ಬಾಯಿಲೆ ಒಮ್ಮೆ ಹೇಳಬೇಕು."

ಅತ್ತೆ ನನ್ನ ಕಡೆ ನೋಡಿದರು.

"ಮೊದಲ ಅಳಿಯಾರು ಹೇಳ್ಲಿ. ಅವರೂ ಸಹಿ ಮಾಡಾವರ ಅಲ್ಲೇನ್ರಿ. ಆಕೀ ಇದ್ದಾಗ ಒಂದು ಸಲನೂ ಆ ಹೆಸರ್ಲೆ ಕರೀಲಿಲ್ಲ. ಇವತ್ತರ ಕರೀಲಿ."

ಸಿಟ್ಟಿನಿಂದ ಹೇಳಿದ್ದಲ್ಲ. ಬೇಡಿಕೊಂಡ ಹಾಗಿತ್ತು.

ವಕೀಲರು ಕನ್ನಡಕ ತೆಗೆದು ಕಾದರು. ನಾನು ಬಾಯಿ ತೆರೆದೆ. "ಸುನಿತಾ" ಅಂದೆ. ನನ್ನ ಧ್ವನಿಯಲ್ಲಿ ಆ ಹೆಸರು ನಾನೇ ಮೊದಲು ಕೇಳಿದ್ದು. ಎಷ್ಟು ಸಣ್ಣ ಹೆಸರು, ಎಷ್ಟು ಹಗುರ. ಕರೆದಿದ್ದರೆ ಓಡಿ ಬರುತ್ತಿದ್ದಳೇನೋ. ಮುಂದಿನ ಶಬ್ದ ಬರಲಿಲ್ಲ. ಮತ್ತೆ "ಸುನಿತಾ" ಅಂದೆ. ಅಲ್ಲಿಗೇ ನಿಂತಿತು.

ಅತ್ತೆ ನನ್ನ ಬೆನ್ನ ಮೇಲೆ ಕೈ ಇಟ್ಟರು. ಮರಿಯವ್ವ, ನನ್ನ ಹೆಂಡತಿಯ ತಾಯಿ. ಎಂಟು ವರ್ಷ ನನ್ನ ಎದುರಿಗೆ ಸೆರಗು ಹೊದ್ದು ನಿಂತವರು.

"ಸಾಕು ಬಿಡ್ರಿ. ನಿಮ್ಮ ಕೈಲೆ ಆಗಂಗಿಲ್ಲ. ಹೆತ್ತಾಕಿ ನಾ ಹೇಳತೇನಿ."

ವಕೀಲರ ಕಡೆ ತಿರುಗಿದರು. ಜೋರಾಗಿ, ಕಿವುಡರಿಗೆ ಹೇಳುವ ಹಾಗೆ ಹೇಳಿದರು.

"ಸುನಿತಾ ನನ್ನ ಮಗಳ್ರಿ. ಸತ್ತಾಳ್ರಿ."

ಹೆಬ್ಬೆಟ್ಟು ತಾವೇ ಪ್ಯಾಡಿಗೆ ಅದ್ದಿ ಕಾಗದಕ್ಕೆ ಒತ್ತಿದರು. ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡರು. ನಾನು ಕೆಳಗೆ ಸಹಿ ಮಾಡಿದೆ. ವಕೀಲರು ಫೀಸ್ ತೆಗೆದುಕೊಳ್ಳಲಿಲ್ಲ.

ರಾಣೇಬೆನ್ನೂರಿನಲ್ಲಿ ಇಳಿದು, ಅವರನ್ನು ಐರಣಿ ಬಸ್ಸಿಗೆ ಹತ್ತಿಸಿದೆ. ಕಿಟಕಿಯಿಂದ ಉಣ್ರಿ ಅಂದರು. ಅಷ್ಟೇ. ಆಫೀಸಿಗೆ ಹೋಗಲಿಲ್ಲ. ಅಫಿಡವಿಟ್ಟಿನ ಪಾಕೀಟು ಕಂಪನಿಯವರಿಗೆ ರಿಜಿಸ್ಟರ್ಡ್ ಪೋಸ್ಟಿಗೆ ಹಾಕಿದೆ. ರಶೀದಿ ಇದೆ.

ಮನೆಗೆ ಬಂದೆ. ಬಾಗಿಲು ಹಾಕಿದೆ. ಚಪ್ಪಲಿ ಕೂಡ ಬಿಚ್ಚದೆ ಅಡಿಗೆಮನೆ ಕಡೆ ಮುಖ ಮಾಡಿ ಕರೆದೆ. ಹೆಸರು ಹಿಡಿದು. ಈಗ ಸಲೀಸಾಗಿ ಬರುತ್ತಿದೆ. ಒಂದು ಸಲ ಕರೆದೆ, ಎರಡು ಸಲ ಕರೆದೆ. ಸುನಿತಾ, ಏ ಸುನಿತಾ, ನಾನು ಬಂದೀನಿ, ಕೇಳಿದೇನ.